ನಡುನೀರು ಖಾಲಿಯಿಲ್ಲ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ, ನಾನು ಬಾಯಿ ತೆರೆಯುವ ಮೊದಲೇ ನಮ್ಮ ಅತ್ತಿಗೆ, ಅಂದರೆ ನನ್ನ ಹೆಂಡತಿಯ ಅಕ್ಕ, ಉತ್ತರ ಕೊಟ್ಟುಬಿಡುತ್ತಿದ್ದರು. "ನಮ್ಮ ಕರುಳಪ್ಪಂಗೆ ಸರ್ಕಾರಿ ಕೆಲಸ ಕಣ್ರೀ. ಮೀನು ಬೆಳಿಗ್ಗೆ ಏನು ತಿಂಡಿ ತಿಂದಿದ್ವು ಅಂತ ಹೊಟ್ಟೆ ಸೀಳಿ ನೋಡೋದು. ಪಾಪ, ಅವು ಕೇಳಿದ್ರೆ ಬಾಯಲ್ಲಿ ಹೇಳಲ್ವಲ್ಲ!" ಬಂದವರು ನಗುತ್ತಿದ್ದರು, ನನ್ನ ಹೆಂಡತಿ ತಲೆ ತಗ್ಗಿಸಿ ನಗುತ್ತಿದ್ದಳು, ನಾನು ಪತ್ರಿಕೆಯ ಇನ್ನೊಂದು ಪುಟ ಮಗುಚುತ್ತಿದ್ದೆ. ಆಗೆಲ್ಲ ನನಗೆ ಮಾತು ಕಡಿಮೆ. ಈಗ ನೋಡಿ, ಶುರು ಮಾಡಿದರೆ ನಿಲ್ಲಿಸುವುದೇ ಗೊತ್ತಾಗುವುದಿಲ್ಲ.

ಅತ್ತಿಗೆ ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಕೆರೆಯ ಅಂಚಿನಲ್ಲಿರುವ ಮೀನು ಸಂಶೋಧನಾ ಕೇಂದ್ರದಲ್ಲಿ ನನಗೆ ಕೆಲಸ. ಮುಂದೆ ಒಂದು ಉದ್ದನೆಯ ಕಟ್ಟಡ, ಹಿಂದೆ ತಳಕ್ಕೆ ಕೆರೆಯ ಕೆಸರು ಹಾಸಿದ ಸಿಮೆಂಟಿನ ಕೊಳಗಳು. ಕಟ್ಟಡದ ಕೊನೆಯ ಕೋಣೆ ನನ್ನದು. ಕಲ್ಲಿನ ಮೇಜು, ಮೇಜಿನ ಪಕ್ಕ ನಲ್ಲಿ, ಬಿಳಿ ತಟ್ಟೆಗಳು, ಚಿಮಟ, ಸಣ್ಣ ಕತ್ತರಿ, ಸ್ಪಿರಿಟ್ಟಿನ ಬಾಟಲಿಗಳು, ಕಿಟಕಿಯ ಬೆಳಕಿಗೆ ಮುಖ ಮಾಡಿದ ಒಂದು ಮೈಕ್ರೋಸ್ಕೋಪು. ಅಲ್ಲಿಯ ವಾಸನೆ ಯಾವ ಸೋಪಿಗೂ ಜಗ್ಗುವುದಿಲ್ಲ. ಕೇಂದ್ರ ನಡೆಸುವವರನ್ನು ನಾವೆಲ್ಲ ಮೇಡಂ ಅನ್ನುತ್ತೇವೆ. ಮೀನಿನ ಹೊಟ್ಟೆ ಓದುವುದನ್ನು ನನಗೆ ಕಲಿಸಿದವರು ಅವರೇ.

ನಮ್ಮ ಕೆರೆಯಲ್ಲಿ ಒಡಹುಟ್ಟಿದವರಂಥ ಮೂರು ಜಾತಿ ಮೀನುಗಳಿವೆ. ಮೂರಕ್ಕೂ ಅದೇ ಉದ್ದ, ಅದೇ ಬೆಳ್ಳಿ ಬಣ್ಣ, ಬಾಲದ ಬುಡದಲ್ಲಿ ಅದೇ ಕಪ್ಪು ಬೊಟ್ಟು. ಬುಟ್ಟಿಗೆ ಬಿದ್ದ ಮೇಲೆ ಬಲೆ ಬೀಸುವವರೇ ತಬ್ಬಿಬ್ಬಾಗುತ್ತಾರೆ. ಗುರುತೆಲ್ಲ ಬಾಯಲ್ಲಿ. ಬಾಯಿ ಚೂರು ಮೇಲಕ್ಕೆ ತೆರೆದಿದ್ದರೆ ಅದು ಮೇಲ್ಬಾಯಿ. ನೀರಿನ ಮೇಲೆ ಬಿದ್ದ ನೊಣ, ಇರುವೆ, ರೆಕ್ಕೆಹುಳು ಅದರ ಊಟ. ಬಾಯಿ ಕೆಳಕ್ಕೆ ಬಾಗಿ ತುಟಿ ದಪ್ಪಗಿದ್ದರೆ ತಳಬಾಯಿ. ಕೆಸರು ಕೆದಕಿ ಕೆಂಪು ಹುಳು, ಪುಟ್ಟ ಬಸವನಹುಳು ತಿನ್ನುತ್ತದೆ, ಹೊಟ್ಟೆ ಸೀಳಿದರೆ ಕತ್ತರಿಗೆ ಮರಳು ಕರ್ ಅನ್ನುತ್ತದೆ. ಬಾಯಿ ನೇರ ಮುಂದಕ್ಕಿದ್ದರೆ ನಡುಬಾಯಿ. ಅದು ನಡುನೀರಿನಲ್ಲಿ ಸದ್ದಿಲ್ಲದೆ ನಿಂತು, ಸಾಸಿವೆಗಿಂತ ಸಣ್ಣಗಿರುವ ನೀರುಚಿಗಟಗಳನ್ನು ಸೋಸಿ ತಿನ್ನುತ್ತದೆ. ಸೋಸುವುದಕ್ಕೆಂದೇ ಅದರ ಕಿವಿರಿನೊಳಗೆ ಬಾಚಣಿಗೆಯಂಥ ಸಾಲು ಮುಳ್ಳು.

"ಒಂದೇ ಮನೇಲಿ ಮೂರು ಜನ ಜಗಳ ಇಲ್ದೆ ಬದುಕ್ಬೇಕು ಅಂದ್ರೆ ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕ್ಬಾರ್ದು," ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. "ಈ ಶಾಸ್ತ್ರ ಎಲ್ಲ ಅಷ್ಟೇ. ಮಿಕ್ಕಿದ್ದು ಕತ್ತರಿ ಕೆಲಸ."

ನನಗೆ ಅದು ಥಟ್ಟನೆ ಅರ್ಥವಾಯಿತು. ನಮ್ಮ ಮನೆಯಲ್ಲೂ ನಡೆಯುತ್ತಿದ್ದುದು ಅದೇ.

ಮದುವೆಗೆ ಮುಂಚೆ ನನ್ನವಳು ಕೇಳಿದ್ದು ಒಂದೇ ಮಾತು: ಅಕ್ಕ ನನ್ನ ಜೊತೆಗಿರಬೇಕು. ನಾನು ಹೂಂ ಅಂದಿದ್ದೆ. ಬೀದಿಗೆ ಮುಖ ಮಾಡಿದ ಮಹಡಿ ಮನೆ, ಮುಂದಿನ ಕೋಣೆಯಲ್ಲಿ ಊಟದ ಮೇಜು. ಮೇಜಿನ ಕಿಟಕಿ ಕಡೆಯ ಕುರ್ಚಿ ಅತ್ತಿಗೆಯದು. ಅವರು ಬೀದಿಯವರ ಬಟ್ಟೆ ಇಸ್ತ್ರಿ ಮಾಡುತ್ತಿದ್ದರು. ಬಟ್ಟೆಯ ಜೊತೆಗೆ ಬೀದಿಯ ಸುದ್ದಿಯೆಲ್ಲ ಮನೆಗೆ ಬರುತ್ತಿತ್ತು, ಮಡಿಕೆ ಬಿಚ್ಚಿ, ನೀರು ಚಿಮುಕಿಸಿ, ನೇರ ಮಾಡಿ ನಮಗೆ ಬಡಿಸುತ್ತಿದ್ದರು. ಅಡುಗೆಮನೆ ಬಾಗಿಲ ಬಳಿಯ ಗಿಡ್ಡ ಪೀಠ ನನ್ನವಳದು. ಅವಳು ಹಳೆಯ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುತ್ತಿದ್ದಳು, ಸೂಜಿ ಹೋಗಿ ಬರುವ ಸದ್ದು ಬಿಟ್ಟರೆ ಅವಳದು ಬೇರೆ ಸದ್ದಿಲ್ಲ. ಬೀದಿ ಬಾಗಿಲಿಗೆ ಹತ್ತಿರದ ಕುರ್ಚಿ ನನ್ನದು.

ಮೀನು ತಂದ ದಿನ ತಲೆ ಅತ್ತಿಗೆಗೆ, ಹೊಟ್ಟೆಯ ಮೆತ್ತನೆ ಭಾಗ ನನ್ನವಳಿಗೆ, ಬಾಲ ನನಗೆ. ತಿಂದ ಮೇಲೆ ಮುಳ್ಳುಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿಡುವುದು ನನ್ನ ಚಾಳಿ. ಪಾತ್ರೆಯ ತಳ ಹಿಡಿದು ಸೀದದ್ದನ್ನೆಲ್ಲ ಅತ್ತಿಗೆ ಚಮಚದಲ್ಲಿ ಕರಕರ ಕೆರೆದು ತಿನ್ನುತ್ತಿದ್ದರು. ಹಾಲಿನ ಕೆನೆ ನನ್ನವಳಿಗೆ. ಯಾರೂ ಹೀಗೆಂದು ಮಾತಾಡಿಕೊಂಡಿರಲಿಲ್ಲ.

"ಏನೋ ಕರುಳಪ್ಪ, ಬಾಲ ತಿಂದೂ ತಿಂದೂ ಒಂದಿನ ಈಜ್ಕೊಂಡು ಹೋಗ್ಬಿಡ್ತೀಯ ನೋಡು," ಅನ್ನುತ್ತಿದ್ದರು ಅತ್ತಿಗೆ.

"ಸುಮ್ನಿರಕ್ಕ, ಊಟ ಮಾಡ್ಲಿ," ಅನ್ನುತ್ತಿದ್ದಳು ನನ್ನವಳು.

"ನೋಡಪ್ಪ, ಗಂಡನ್ನ ಅಂದ್ರೆ ಸಾಕು, ಪುಟ್ಟಿ ಮೂಗಿನ ತುದಿ ಕೆಂಪಾಯ್ತು!"

ಒಂದು ಮಧ್ಯಾಹ್ನ ಇಸ್ತ್ರಿ ಮಾಡುತ್ತಿದ್ದ ಹಾಗೇ ಅತ್ತಿಗೆ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತರಂತೆ. ಅಂಗಿ ಸೀದ ವಾಸನೆಗೆ ನನ್ನವಳು ಒಳಗಿನಿಂದ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬಂದ ನೆಂಟರು ಹೋದರು. ಮನೆ ಗವ್ ಎನ್ನುತ್ತಿತ್ತು. ನನ್ನವಳು ಪೀಠದ ಮೇಲೆ ಕೂತು ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಅವಳು ಅತ್ತರೆ ಒಳ್ಳೆಯದಿತ್ತು, ಅಳಲಿಲ್ಲ. ನನಗೆ ಸಮಾಧಾನ ಹೇಳಲು ಬಾರದು. ಅಷ್ಟು ವರ್ಷ ಮನೆಯ ಮಾತನ್ನೆಲ್ಲ ಅತ್ತಿಗೆ ಒಬ್ಬರೇ ಆಡಿಬಿಟ್ಟಿದ್ದರು.

ಮೊದಲು ಬದಲಾದದ್ದು ಮೀನಿನ ತಲೆ. ನನ್ನವಳಿಗೆ ಮೀನಿನ ಕಣ್ಣು ಕಂಡರೆ ಆಗುತ್ತಿರಲಿಲ್ಲ. ಅತ್ತಿಗೆ ತಿನ್ನುವಾಗ ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು. ಆ ಸಂಜೆ ತಲೆಯನ್ನು ತನ್ನ ತಟ್ಟೆಗೆ ಎತ್ತಿಕೊಂಡಳು. ಮೊದಲು ಕೆನ್ನೆಯ ಮಾಂಸ, ಆಮೇಲೆ ಕಣ್ಣು, ಆಮೇಲೆ ತಲೆಬುರುಡೆ ಮುರಿದು ಸೊರ್ ಎಂದು ಹೀರುವುದು. ಅತ್ತಿಗೆಯದು ಅದೇ ಕ್ರಮ. ಅಕ್ಕನ ನೆನಪಿಗೆ ತಿನ್ನುತ್ತಿದ್ದಾಳೆ ಅಂದುಕೊಂಡೆ.

ಹೊಟ್ಟೆಯ ಭಾಗ ಪಾತ್ರೆಯಲ್ಲೇ ಉಳಿಯಿತು.

ಆಮೇಲೆ ತಳದ ಸೀದದ್ದು. ಆಮೇಲೆ ಕಿಟಕಿಯ ಕುರ್ಚಿ. ಒಂದು ದಿನ ಕೆಲಸದಿಂದ ಬಂದರೆ ಇಸ್ತ್ರಿ ಪೆಟ್ಟಿಗೆ ಕಾದಿತ್ತು, ಬೀದಿಯವರ ಬಟ್ಟೆ ಮಡಿಸಿ ಪೇರಿಸಿತ್ತು. ಕಣ್ಣು ಚೆನ್ನಾಗಿದ್ದವಳು ಅತ್ತಿಗೆಯ ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು, ಎದುರು ಮನೆ ದರ್ಜಿಯಮ್ಮನಿಗೆ ಕಿಟಕಿಯಿಂದಲೇ ಕೂಗುತ್ತಿದ್ದಳು: "ಏನಮ್ಮಾ, ನಿನ್ನ ಅಳಿಯ ಮತ್ತೆ ಮುನಿಸ್ಕೊಂಡ್ನಂತೆ! ಅಳತೆ ತಪ್ಪಿ ಹೊಲಿದ್ಯಾ ಹೇಗೆ?" ದರ್ಜಿಯಮ್ಮ ನಗಲು ಬಾಯಿ ತೆರೆದವರು ಹಾಗೇ ನಿಂತುಬಿಟ್ಟರು.

ಮರುದಿನ ದರ್ಜಿಯಮ್ಮ ನನ್ನನ್ನು ಮೆಟ್ಟಿಲ ಬಳಿ ತಡೆದರು. "ದುಃಖ ಕಣಪ್ಪ, ಕೆಲವರಿಗೆ ಹೀಗೂ ಆಗತ್ತೆ. ಸ್ವಲ್ಪ ದಿನ ಬಿಡು." ಆಮೇಲೆ ದನಿ ತಗ್ಗಿಸಿ, "ಆದ್ರೆ ಆ ನಗು... ನಂಗ್ಯಾಕೋ ಮೈಯೆಲ್ಲ ಜುಂ ಅಂತು," ಅಂದರು.

ನಾನೂ ಬಿಟ್ಟು ನೋಡಿದೆ. ಹೆಂಡತಿ ನನ್ನನ್ನು ಎಂದೂ ಏಕವಚನದಲ್ಲಿ ಕರೆದವಳಲ್ಲ. "ರೀ" ಅನ್ನುವಾಗ ಅವಳ ದನಿ ಒಂದು ಎಳೆ ಕೆಳಗಿಳಿಯುತ್ತಿತ್ತು, ಅದೊಂದನ್ನು ಕೇಳಲಿಕ್ಕೆ ನಾನು ಮನೆಗೆ ಬೇಗ ಬರುತ್ತಿದ್ದೆ. ಈಗ ಬಾಗಿಲು ದಾಟುತ್ತಿದ್ದಂತೆ, "ಬಂದ್ಯೇನೋ ಕರುಳಪ್ಪ? ಕೈ ತೊಳ್ಕೋ ಹೋಗು, ಇಡೀ ಕೆರೆ ನಾತ ಹೊತ್ಕೊಂಡು ಬಂದಿದೀಯ!" ಎಂಬ ದಪ್ಪ ದನಿ.

ಪೀಠದ ಪಕ್ಕ ಅರ್ಧ ಹೊಲಿದ ಪುಸ್ತಕ ಬಿದ್ದಿತ್ತು, ಅದರ ಬೆನ್ನಿನಿಂದ ಸೂಜಿ ದಾರದಲ್ಲಿ ನೇತಾಡುತ್ತಿತ್ತು. ಒಂದು ಸಂಜೆ ಧೈರ್ಯ ಮಾಡಿ ಕೇಳಿದೆ. "ಆ ಪುಸ್ತಕ ಯಾವಾಗ ಮುಗಿಸ್ತೀಯೆ?"

ಅವಳು ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. "ನಾನ್ಯಾಕೆ ಮುಗಿಸ್ಲಿ? ಅದು ಪುಟ್ಟಿ ಕೆಲಸ. ಬಂದು ಮಾಡ್ಕೋತಾಳೆ ಬಿಡು."

ಮಣ್ಣಿಗೆ ಹೋದವರು ಅತ್ತಿಗೆ. ಆದರೆ ಮನೆಯಲ್ಲಿ ಇಲ್ಲವಾಗಿದ್ದವಳು ನನ್ನ ಹೆಂಡತಿ. ಅವಳನ್ನು ಹೇಗಾದರೂ ವಾಪಸು ಕರೆತರಬೇಕು ಎಂಬುದೊಂದು ಬಿಟ್ಟರೆ ಅಂದಿನಿಂದ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಅದೇ ದಿನಗಳಲ್ಲಿ ಕೇಂದ್ರದ ಹಿಂದೆ ಮೂರೂ ಜಾತಿಯನ್ನು ಒಟ್ಟಿಗೆ ಸಾಕಿದ್ದ ಕೊಳಕ್ಕೆ ರೋಗ ಬಂತು. ಕಿವಿರು ಕೊಳೆಯುವ ರೋಗ. ಬೇರೆ ಎರಡು ಜಾತಿಯನ್ನು ಮುಟ್ಟದೆ ತಳಬಾಯಿಗಳನ್ನಷ್ಟೇ ಪೂರ್ತಿ ಬಳಿದುಕೊಂಡು ಹೋಯಿತು. ಕೆಲವು ವಾರ ಬಿಟ್ಟು ಅದೇ ಕೊಳದ ಮೇಲ್ಬಾಯಿಯೊಂದನ್ನು ಸೀಳಿದಾಗ ಕತ್ತರಿ ಕರ್ ಅಂದಿತು. ಮರಳು. ಹೊಟ್ಟೆ ತುಂಬ ಕೆಂಪು ಹುಳು. ಬಾಯಿ ಮೇಲಕ್ಕೇ ತೆರೆದಿತ್ತು, ಆದರೆ ತುಟಿಯ ಅಂಚಿನಲ್ಲಿ ಕೆಸರು ಕಟ್ಟಿತ್ತು. ಇನ್ನೊಂದನ್ನು ಸೀಳಿದೆ. ಅದೂ ಹಾಗೇ. ಮೇಲೆ ನೊಣಗಳು ತೇಲುತ್ತಲೇ ಇದ್ದವು, ಅವುಗಳನ್ನು ಕೇಳುವವರಿಲ್ಲ.

"ಮೇಡಂ, ಇವು ತಮ್ಮ ಊಟ ಬಿಟ್ಟು ಕೆಳಕ್ಕೆ ಯಾಕೆ ಹೋದವು?"

"ತಳಬಾಯಿ ಇದ್ದಾಗ ಅದು ಇವನ್ನ ಹತ್ರ ಬಿಟ್ಕೋತಿರ್ಲಿಲ್ಲ. ಈಗ ಜಾಗ ಖಾಲಿ. ಖಾಲಿ ಜಾಗ ಅಂದ್ರೆ ಎಳೀತದೆ ಕಣ್ರೀ, ಇಳಿಜಾರಿದ್ದ ಹಾಗೆ."

"ಮತ್ತೆ ಮೇಲಕ್ಕೆ ಬರಲ್ವಾ?"

"ಕೆಳಗಿನ ಜಾಗ ಯಾರಾದ್ರೂ ತುಂಬಿದ್ರೆ ಬರ್ತವೆ." ಮೇಡಂ ಸ್ವಲ್ಪ ಯೋಚಿಸಿದರು. "ತಳಬಾಯಿನೇ ಆಗ್ಬೇಕು ಅಂತಿಲ್ಲ. ನಡುಬಾಯಿಗೆ ರೂಢಿ ಮಾಡ್ಸಿ ಬಿಟ್ರೆ? ನೋಡೇಬಿಡೋಣ."

ಆ ಕೊಳದ ನಡುಬಾಯಿಗಳನ್ನೆಲ್ಲ ಹಿಡಿದು ಒಳಗಿನ ತೊಟ್ಟಿಗೆ ಹಾಕಿದೆವು. ಮೇವನ್ನು ಮರಳಿನಲ್ಲಿ ಹೂತು ಹಾಕುತ್ತಿದ್ದೆ. ಮೊದಮೊದಲು ಅವು ತೊಟ್ಟಿಯ ನಡುವೆ ನಿಂತು, ಬಾಯಿ ಆಡಿಸುತ್ತ, ಬರಿ ನೀರು ಸೋಸುತ್ತಿದ್ದವು. ಹಸಿವು ಮೀರಿದಾಗ ಒಂದೊಂದಾಗಿ ತಲೆ ಕೆಳಗೆ ಮಾಡಿದವು. ರೂಢಿಯಾಯಿತು. ಅವನ್ನು ಹಿಂದಿನ ಕೊಳಕ್ಕೆ ಬಿಟ್ಟೆವು. ನೇರ ತಳಕ್ಕೇ ಇಳಿದವು. ಕೆಲವೇ ದಿನಗಳಲ್ಲಿ ಮೇಲ್ಬಾಯಿಗಳು ಮೇಲಕ್ಕೆ ಬಂದು, ಏನೂ ಆಗೇ ಇಲ್ಲವೇನೋ ಎಂಬಂತೆ, ಪುಳಕ್ ಪುಳಕ್ ಎಂದು ನೊಣ ಹಿಡಿಯತೊಡಗಿದವು.

ಕಟ್ಟೆಯ ಮೇಲೆ ನಿಂತು ಅದನ್ನು ನೋಡುತ್ತಿದ್ದಾಗ, ಮನೆಯಲ್ಲಿ ಏನು ಮಾಡಬೇಕೆಂದು ನನಗೆ ಹೊಳೆಯಿತು. ಬೇರೆ ಕಸುಬಿನವನಾಗಿದ್ದರೆ ಅವಳನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆನೇನೋ.

ಆ ಸಂಜೆ ಮನೆಗೆ ಬಂದವನೇ ಅವಳು ಒಳಗಿರುವಾಗ ಕಿಟಕಿಯ ಕುರ್ಚಿಯಲ್ಲಿ ಕೂತೆ. ಅವಳು ಇಸ್ತ್ರಿ ಬಟ್ಟೆ ಹೊತ್ತು ಬಂದು, ಮೇಜಿನ ಈಚೆ ನಿಂತಳು. ಬೈಯಲಿಲ್ಲ. ತೊಟ್ಟಿಯ ಗಾಜಿಗೆ ಮೂತಿ ತಾಗಿದ ಮೀನು ನಿಲ್ಲುತ್ತದಲ್ಲ, ಹಾಗೆ ನಿಂತಳು. ಆಮೇಲೆ ಬಟ್ಟೆಯನ್ನು ಮೇಜಿನ ಮೇಲಿಟ್ಟು ಅಡುಗೆಮನೆಗೆ ಹೋದಳು.

ಮೀನಿನ ತಲೆಯನ್ನು ನಾನೇ ಎತ್ತಿಕೊಂಡೆ. ದಿನವಿಡೀ ಮೀನಿನ ಕರುಳಲ್ಲಿ ಕೈಯಾಡಿಸುವವನಿಗೆ ಹೇಸಿಗೆಯೇನು ಅನ್ನಬೇಡಿ. ಕಣ್ಣು ನಾಲಿಗೆಯ ಮೇಲೆ ಉರುಳಿದಾಗ ಮೇಜಿನ ಅಂಚು ಗಟ್ಟಿ ಹಿಡಿದುಕೊಂಡೆ. ಕಣ್ಣು ಮುಚ್ಚಿ ನುಂಗಿದೆ. ತಳದ ಸೀದದ್ದನ್ನು ಕೆರೆದು ತಿಂದೆ. ಮಾತು? ಅದು ಎಲ್ಲಕ್ಕಿಂತ ಕಷ್ಟ. ಕ್ಷೌರದಂಗಡಿಯಲ್ಲಿ ಸುಮ್ಮನೆ ಕೂತು ಸುದ್ದಿ ಹೆಕ್ಕಿ ತರುತ್ತಿದ್ದೆ. ಹೇಳಲು ಹೋದರೆ ಅರ್ಧಕ್ಕೇ ಮುಗಿದುಹೋಗುತ್ತಿತ್ತು.

"ಆ ಹಾಲಿನವನು... ಅವನ ಎಮ್ಮೆ ಕಳೆದುಹೋಯ್ತಂತೆ."

"ಆಮೇಲೆ?" ಅವಳು ಕೇಳುತ್ತಿದ್ದಳು.

"ಸಿಕ್ತಂತೆ."

ಅವಳ ಕಣ್ಣು ಕಿಟಕಿಯ ಕಡೆ ಸರಿಯುತ್ತಿತ್ತು. ಆಗ ಗಾಬರಿಯಾಗಿ ಇನ್ನೊಂದು ಎಳೆ ಸೇರಿಸುತ್ತಿದ್ದೆ: ಎಮ್ಮೆ ಸಿಕ್ಕಿದ್ದು ಹಾಲಿನವನ ಬೀಗರ ಹಿತ್ತಲಲ್ಲಿ ಅಂತ. ಬೀಗರು ಅದನ್ನು ತಮ್ಮದೇ ಅಂದರು ಅಂತ. ಎಮ್ಮೆ ಇಬ್ಬರನ್ನೂ ನೋಡಿ ಮೂತಿ ತಿರುಗಿಸಿತು ಅಂತ. ಒಂದು ಸಂಜೆ ನನಗೇ ತಿಳಿಯದೆ ತೊಡೆ ತಟ್ಟಿ ನಕ್ಕೆ. ಆಮೇಲೆ ಕಷ್ಟವಾಗಲಿಲ್ಲ. ಇಸ್ತ್ರಿ ಪೆಟ್ಟಿಗೆಯ ಭಾರವೂ ಕೈಗೆ ಒಗ್ಗಿತು. ಮೊದಲು ಒಂದೆರಡು ಕಾಲರು ಸುಟ್ಟೆ, ಬೈಸಿಕೊಂಡೆ, ಆಮೇಲೆ ಬೀದಿಯವರೇ ಬಟ್ಟೆಯ ಜೊತೆ ಸುದ್ದಿ ತಂದು ಹಾಕತೊಡಗಿದರು. "ಅಯ್ಯೋ, ಇವ್ರಿಗೆ ಇಷ್ಟೊಂದು ಮಾತು ಎಲ್ಲಿತ್ತಪ್ಪ!" ಎಂದು ದರ್ಜಿಯಮ್ಮನಿಗೆ ಆಶ್ಚರ್ಯ. ತಲೆಯ ಮಾಂಸದ ರುಚಿಯೂ ಹತ್ತಿತು. ಕೆನ್ನೆಯ ಭಾಗಕ್ಕೆ ಸಮ ಇನ್ನೊಂದಿಲ್ಲ, ಬೇಕಾದರೆ ತಿಂದು ನೋಡಿ.

ಅವಳು ಬಂದಳು. ಒಂದೇ ಸಲಕ್ಕಲ್ಲ. ಮೊದಲು ಕನ್ನಡಕ ತೆಗೆದು ಕಿಟಕಿಯ ಅಂಚಿನಲ್ಲಿಟ್ಟಳು. ಆಮೇಲೆ ಹಾಲಿನ ಕೆನೆಯನ್ನು ಬೆರಳಿನಿಂದ ಎತ್ತಿಕೊಂಡಳು. ಒಂದು ಸಂಜೆ ನಾನು ಅಂಗಿಯ ತೋಳಿಗೆ ನೀರು ಚಿಮುಕಿಸುತ್ತಿದ್ದಾಗ ಹಿಂದಿನಿಂದ ಸಣ್ಣ ಸದ್ದು: ಸೂಜಿ ಕಾಗದ ಚುಚ್ಚಿ, ದಾರ ಎಳೆದ ಸದ್ದು. ತಿರುಗಿದರೆ ಪೀಠದ ಮೇಲೆ ಕೂತು, ತಲೆ ತಗ್ಗಿಸಿ, ಬಿಟ್ಟಲ್ಲಿಂದ ಹೊಲಿಯುತ್ತಿದ್ದಳು. ಕೆನ್ನೆಯ ಮೇಲೆ ಎರಡು ಧಾರೆ ನೀರು ಇಳಿಯುತ್ತಿತ್ತು. ಕೊನೆಗೂ ಅತ್ತಳು. ನಾನು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಗೋಡೆಗೆ ಒರಗಿದೆ. ಗೆದ್ದೆ ಅಂದುಕೊಂಡೆ.

ಅವಳು ನನ್ನನ್ನು ಏನೆಂದೂ ಕರೆಯುತ್ತಿಲ್ಲ ಎನ್ನುವುದು ಆ ಖುಷಿಯಲ್ಲಿ ಗಮನಕ್ಕೇ ಬರಲಿಲ್ಲ.

ಕೇಂದ್ರದಲ್ಲಿ ಮೇಡಂ ಹಿಂದಿನ ಕೊಳದ ಒಂದು ನಡುಬಾಯಿಯನ್ನು ನನ್ನ ಮೇಜಿಗೆ ತಂದರು. ಹೊಟ್ಟೆ ತುಂಬ ಕೆಸರು, ಹುಳು, ಅದು ಗೊತ್ತಿದ್ದದ್ದೇ. ಆದರೆ ತುಟಿ ದಪ್ಪಗಾಗಿತ್ತು. ಕಿವಿರು ತೆರೆದರೆ ಬಾಚಣಿಗೆಯ ಮುಳ್ಳುಗಳು ಮರಳಿಗೆ ಸವೆದು ಮೊಂಡಾಗಿದ್ದವು.

"ಇನ್ಮೇಲೆ ಇದಕ್ಕೆ ನಡುನೀರಲ್ಲಿ ಬಿಟ್ರೂ ಸೋಸಕ್ಕಾಗಲ್ಲ," ಅಂದರು ಮೇಡಂ. "ಹೋಗ್ಲಿ, ಅದಲ್ಲ ವಿಷ್ಯ. ನೀರುಚಿಗಟ ಕಮ್ಮಿ ಆಗ್ತಿದೆ."

"ಯಾವ ಕೊಳದಲ್ಲಿ?"

"ಇದೇ ಕೊಳದಲ್ಲಿ. ನಡುನೀರಲ್ಲಿ. ತಿನ್ನೋರೇ ಇಲ್ಲ ಅಂದ್ಮೇಲೆ ತುಂಬಿ ತುಳುಕ್ಬೇಕಿತ್ತಲ್ಲ? ಮೊದ್ಲು ಹಾಗೇ ಇತ್ತು. ಈಗ ಜಾಡಿ ಎತ್ತಿದ್ರೆ ನೀರು ತಿಳಿ. ಯಾರೋ ಸೋಸಿದ ಹಾಗೆ."

ನಾವಿಬ್ಬರೂ ಸೇರಿ ಕೊಳದ ಉದ್ದಕ್ಕೂ ಬಲೆ ಎಳೆದೆವು. ಮೇಲಿಂದ ಮೇಲ್ಬಾಯಿ ಬಂದವು, ತಳದಿಂದ ಆ ಕೆಸರು ತಿನ್ನುವ ನಡುಬಾಯಿಗಳು ಬಂದವು. ನಡುನೀರಿನ ಬಲೆ ಖಾಲಿ. ಮತ್ತೆ ಎಳೆದೆವು. ಖಾಲಿಯೇ, ಆದರೆ ಬಲೆ ಎತ್ತುವಾಗ ಭಾರವಿತ್ತು, ನೀರು ಬಿಟ್ಟ ಕ್ಷಣ ಹಗುರಾಯಿತು. ಮೇಡಂ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

"ಬಲೆ ಕಣ್ಣು ದೊಡ್ಡದಾಯ್ತೇನೋ," ಅಂದರು.

"ನಾವು ಬಿಟ್ಟಿದ್ದಂತೂ ಅಲ್ಲ, ಅಲ್ವಾ ಮೇಡಂ?"

"ಅಲ್ಲ." ಅವರು ಬಲೆಯನ್ನು ಹಿಂಡಿ ಮಡಿಸಿದರು. "ಜಾಗ ಖಾಲಿ ಇರಲ್ಲ ಅಂತ ನಾನೇ ಹೇಳಿದ್ದಲ್ಲ. ಏನೋ ಬಂದಿದೆ. ಸಿಕ್ಕಾಗ ನೋಡೋಣ." ಆಮೇಲೆ ಅವರು ಆ ಕೊಳದ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚುವುದನ್ನು ಬಿಟ್ಟರು.

ಆ ಸಂಜೆ ಊಟಕ್ಕೆ ಕೂತಾಗ ಮೇಜಿನ ಮೇಲೆ ಮೂರು ತಟ್ಟೆ ಇತ್ತು. ನನ್ನ ಮುಂದೆ ಒಂದು, ಅವಳ ಮುಂದೆ ಒಂದು, ಬೀದಿ ಬಾಗಿಲ ಕಡೆಯ ಖಾಲಿ ಕುರ್ಚಿಯ ಮುಂದೆ ಒಂದು. ಅದರಲ್ಲಿ ಮೀನಿನ ಬಾಲ. ಮರೆತು ಬಡಿಸಿದ್ದಾಳೆ, ಹಳೆಯ ರೂಢಿ ಅಂದುಕೊಂಡು ನಾನು ಕ್ಷೌರದಂಗಡಿಯ ಸುದ್ದಿ ಶುರು ಮಾಡಿದೆ. ಅವಳು ನಗುನಗುತ್ತ ಕೇಳಿದಳು. ನಡುವೆ ಒಮ್ಮೆ ಬಾಗಿಲ ಕಡೆ ನೋಡಿ, ಕೆಳಗಿಳಿದ ಆ ದನಿಯಲ್ಲಿ, ನಾನು ಇಷ್ಟು ದಿನ ಕಾಯುತ್ತಿದ್ದ ಅದೇ ದನಿಯಲ್ಲಿ ಅಂದಳು:

"ಅಕ್ಕಾ, ಅವ್ರು ಇನ್ನೂ ಬರ್ಲಿಲ್ವಲ್ಲ."

ನಾನೇ ಕಣೇ ಅವ್ರು, ಅನ್ನಬೇಕೆಂದು ಬಾಯಿ ತೆರೆದೆ. ಬಾಯಿಂದ ಬಂದದ್ದು ಬೇರೆ. "ಬರ್ತಾನೆ ಬಿಡೇ ಪುಟ್ಟಿ. ಯಾವ್ದೋ ಮೀನು ಬಾಯಿ ಬಿಡ್ತಿಲ್ಲ ಅಂತ ಅದರ ಮುಂದೆ ಕೂತಿರ್ತಾನೆ."

ಅವಳು ಫಕ್ಕನೆ ನಕ್ಕು ತಲೆ ತಗ್ಗಿಸಿದಳು.

ತಟ್ಟೆಗಳನ್ನು ಎತ್ತುವಾಗ ನೋಡಿದೆ. ಆ ತಟ್ಟೆಯ ಬಾಲದ ಮಾಂಸ ಇರಲಿಲ್ಲ. ಮುಳ್ಳುಗಳನ್ನು ಒಂದೂ ಮುರಿಯದ ಹಾಗೆ ಬಿಡಿಸಿ, ತಟ್ಟೆಯ ಅಂಚಿಗೆ ಒಂದರ ಪಕ್ಕ ಒಂದು, ಸಾಲಾಗಿ ಜೋಡಿಸಿತ್ತು. ತಿಂದ ಗುರುತು ನೋಡಿ ತಿಂದವರು ಯಾರೆಂದು ಹೇಳುವುದು ನನ್ನ ಕಸುಬು. ಬೆಕ್ಕು ಮುಳ್ಳು ಜೋಡಿಸಿಡುವುದಿಲ್ಲ. ನನ್ನವಳು ಬಾಲ ಮುಟ್ಟುವುದಿಲ್ಲ. ಹಾಗೆ ಮುಳ್ಳು ಜೋಡಿಸುವ ಚಾಳಿ ಇದ್ದದ್ದು ಈ ಮನೆಯಲ್ಲಿ ಒಬ್ಬನಿಗೇ, ಅವನು ಕಿಟಕಿಯ ಬಳಿ ಕೂತು ತಲೆ ಚೀಪುತ್ತಿದ್ದ.

ಮರುದಿನ ಕೇಂದ್ರದಲ್ಲಿ ಕೂತು ಅದನ್ನೇ ಲೆಕ್ಕ ಹಾಕಿದೆ. ಕುರ್ಚಿ ಬಿಟ್ಟರೆ ಅವಳು ಮತ್ತೆ ಕಿಟಕಿಗೆ ಬರಬಹುದು, ಪುಟ್ಟಿ ಮತ್ತೆ ಇಲ್ಲವಾಗಬಹುದು. ಬಿಡದಿದ್ದರೆ ಅವಳು ಇರುತ್ತಾಳೆ, ಅವಳ ಗಂಡ ನಾನಲ್ಲ. ಎರಡರಲ್ಲಿ ಒಂದು. ಮೊಂಡಾದ ಆ ಬಾಚಣಿಗೆ ಮುಳ್ಳು ಕಣ್ಣ ಮುಂದೆ ಬರುತ್ತಿತ್ತು. ಇಲ್ಲ, ಇನ್ನೂ ಹೊತ್ತು ಮೀರಿಲ್ಲ ಅಂದುಕೊಂಡೆ. ಒಂದು ಸಲ ನನ್ನ ಜಾಗದಲ್ಲಿ ಕೂತು, ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿಬಿಡುತ್ತೇನೆ, ಆಮೇಲೆ ಏನಾದರಾಗಲಿ.

ಮುಸ್ಸಂಜೆಗೆ ಅವಳು ದೀಪ ಹಾಕಿ ಬಡಿಸುತ್ತಿದ್ದಳು. ನಾನು ಕಿಟಕಿಯ ಕುರ್ಚಿಯಿಂದ ಎದ್ದು, ಮೇಜು ಸುತ್ತಿ ಬಂದು, ಬಾಗಿಲ ಕಡೆಯ ಕುರ್ಚಿಯ ಬೆನ್ನಿಗೆ ಕೈ ಇಟ್ಟೆ. ಮರ ಬೆಚ್ಚಗಿತ್ತು. ಯಾರೋ ಆಗಷ್ಟೇ ಎದ್ದು ಹೋದ ಹಾಗೆ.

"ಅಲ್ಲಿ ಕೂರ್ಬೇಡಕ್ಕ," ಅಂದಳು ಅವಳು ಮೆಲ್ಲಗೆ. ಗದರಿಕೆಯಲ್ಲ, ನಾಚಿಕೆ ಬೆರೆತ ಬೇಡಿಕೆ. "ಅವ್ರ ಜಾಗ ಅದು."

"ಪುಟ್ಟೀ, ನನ್ನ ಮುಖ ನೋಡೇ. ಸರಿಯಾಗಿ ನೋಡು."

ಅವಳು ನೋಡಿದಳು. ಹತ್ತಿರ ಬಂದು, ನನ್ನ ಕೆನ್ನೆಗೆ ಅಂಟಿದ್ದ ಮಸಿಯನ್ನು ಸೆರಗಿನ ತುದಿಯಿಂದ ಒರೆಸಿದಳು. "ಯಾಕಕ್ಕ, ಸುಸ್ತಾಯ್ತಾ? ಇಡೀ ದಿನ ಇಸ್ತ್ರಿ ಮುಂದೆ ನಿಂತಿರ್ತೀಯ. ಕೂತ್ಕೋ, ನಾನು ಬಡಿಸ್ತೀನಿ." ಆ ಕಣ್ಣಲ್ಲಿ ಪ್ರೀತಿಯಿತ್ತು, ನೋವಿರಲಿಲ್ಲ. ಅಕ್ಕ ಹೋದ ಮೇಲೆ ಆ ಮುಖ ಅಷ್ಟು ತಿಳಿಯಾಗಿದ್ದನ್ನು ನಾನು ಕಂಡಿರಲೇ ಇಲ್ಲ.

ನಾನು ವಾಪಸು ಬಂದು ಕಿಟಕಿಯ ಬಳಿ ಕೂತೆ.

"ಅಕ್ಕಾ, ಒಂದು ಮಾತು ಕೇಳ್ಲಾ? ನಗಬಾರ್ದು." ಅವಳು ಪೀಠವನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳು. "ಅವ್ರಿಗೆ ನಾನು ಅಂದ್ರೆ ಇಷ್ಟನಾ? ಬಾಯಿ ಬಿಟ್ಟು ಹೇಳೋದೇ ಇಲ್ಲ."

ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಕೇಳದೆ ಇದ್ದದ್ದು ಅದು. ನಾನು ಹೇಳಿದೆ. ಕರುಳಪ್ಪ ದಾರಿಯಲ್ಲಿ ಯಾರ ಹತ್ತಿರವೂ ನಿಲ್ಲದೆ ಮನೆಗೆ ಬರುವುದು ಯಾಕೆಂದು ಹೇಳಿದೆ. ಅವಳು "ರೀ" ಅನ್ನುವುದನ್ನು ಕೇಳಲಿಕ್ಕೇ ಕೆಲವೊಮ್ಮೆ ಕೇಳಿಸದವನಂತೆ ಕೂತಿರುತ್ತಾನೆ ಅಂದೆ. ಪತ್ರಿಕೆ ತಲೆಕೆಳಗಾಗಿ ಹಿಡಿದು, ಅವಳು ಹೊಲಿಯುವುದನ್ನೇ ನೋಡುತ್ತಿದ್ದ ದಿನದ ಬಗ್ಗೆ ಹೇಳಿದೆ. ಹೇಳುತ್ತ ಹೇಳುತ್ತ ಅವನು ನನಗೂ ಒಳ್ಳೆಯವನಾಗಿ ಕಂಡ. ಅವಳು ಮೊಣಕಾಲಿಗೆ ಗಲ್ಲ ಊರಿ ಕೇಳುತ್ತಿದ್ದಳು, ಮೂಗಿನ ತುದಿ ಕೆಂಪಾಗಿತ್ತು.

ಕೆಳಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಅವಸರವಿಲ್ಲದ ಹೆಜ್ಜೆ. ಹೊಸ್ತಿಲಾಚೆ ಚಪ್ಪಲಿ ಬಿಟ್ಟ ಸದ್ದು, ಒಂದು, ಆಮೇಲೆ ಇನ್ನೊಂದು. ಕೆರೆಯ ನೀರಿನ, ಸ್ಪಿರಿಟ್ಟಿನ ವಾಸನೆ ಬಂತು. ಅದು ನನ್ನ ಕೈಯದೇ ಇರಬಹುದೆಂದು ಮೂಸಿ ನೋಡಿಕೊಂಡೆ. ನನ್ನ ಕೈಗೆ ಇಸ್ತ್ರಿಯ ಬಿಸಿ ಬಟ್ಟೆಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಅವಳು ದಡಬಡಿಸಿ ಎದ್ದಳು. ಅಗುಳಿ ತೆಗೆದಳು.

"ರೀ, ಯಾಕಿಷ್ಟು ಹೊತ್ತು? ಎಷ್ಟು ಕಾಯೋದು ನಾನು?"

ಉತ್ತರ ಬಂತೋ ಇಲ್ಲವೋ, ಕೇಳಿಸಲಿಲ್ಲ. ಅವಳು ಮಾತ್ರ ನಕ್ಕಳು. ಬಾಗಿಲ ಕಡೆಯ ಕುರ್ಚಿ ನೆಲಕ್ಕೆ ಉಜ್ಜಿ ಸರಿಯಿತು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಹೊರಗೆ ಕತ್ತಲಿಳಿದು ಕಿಟಕಿಯ ಗಾಜಿನಲ್ಲಿ ಇಡೀ ಕೋಣೆ ಕಾಣತೊಡಗುವ ಹೊತ್ತು ಅದು. ನನ್ನ ಹಿಂದಿನ ಮೇಜು, ದೀಪ, ಅವಳ ಬಾಗಿದ ತಲೆ ಒಂದೊಂದಾಗಿ ಗಾಜಿಗೆ ಬರುತ್ತಿದ್ದವು. ಬಾಗಿಲ ಕಡೆಯ ಕುರ್ಚಿ, ಅದರಲ್ಲಿ ಕೂತವನು ಗಾಜಿನಲ್ಲಿ ಮೂಡುವ ಮೊದಲೇ ನಾನು ಕಿಟಕಿಯ ಎರಡೂ ಕದಗಳನ್ನು ದೂಡಿ ತೆರೆದುಬಿಟ್ಟೆ, ಹೊರಕ್ಕೆ ಬಗ್ಗಿ, ಎದುರು ಮನೆಯ ದರ್ಜಿಯಮ್ಮನನ್ನು ಕೂಗಿ ಕರೆದೆ.